ಏಳದ ಮುಳ್ಳು

ಕಾರಿನ ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಮುದುಕರೂ ಅವರ ಸೊಸೆಯೂ ನಿಂತಿದ್ದರು. ಸೊಸೆಯ ಉಗುರಿನ ಸಂದಿಯಲ್ಲೆಲ್ಲ ಗ್ರೀಸು.

“ನೀವು ಕಾರಿಗೆ ಹಾಕಿರೋ ಹೊಸ ಮೀಟರ್ ಚೆನ್ನಾಗೇ ಇದೆ ಮಾವ, ನೋಡಿದೆ.”

“ಹಾಗಾದ್ರೆ ಎಂಜಿನ್ನೇ ಹೋಯ್ತು ಅನ್ನು. ಆಯಿಲ್ ಪ್ರೆಶರ್ ಸೊನ್ನೆ ತೋರಿಸಿದ್ರೆ ಇನ್ನೇನು? ನಿಮ್ಮತ್ತೆ ಓಡಿಸೋಕೆ ಕಲಿತ ಗಾಡಿ. ಗುಜರಿಯವನಿಗೆ ನಾಳೆ ಬಾ ಅಂದುಬಿಟ್ಟೆ.”

“ಅದರ ಸೆನ್ಸರ್ ಎಂಜಿನ್ನಿಗೆ ಕೂರಿಸೋವಾಗ ಥ್ರೆಡ್ಡಿಗೆ ಟೇಪ್ ಸುತ್ತಿದ್ರಾ?”

“ಸುತ್ತದೆ ಇರ್ತೀನಾ? ಎಣ್ಣೆ ಸೋರಬಾರದಲ್ಲ! ಜೀವಮಾನವೆಲ್ಲ ನಲ್ಲಿ ಕೂರಿಸಿದ ಕೈ ಕಣಮ್ಮ ಇದು. ಒಂದೆರಡು ಸುತ್ತು ಜಾಸ್ತೀನೇ ಹಾಕಿದೀನಿ.”

“ಅಲ್ಲೇ ಎಡವಟ್ಟಾಗಿರೋದು. ಸೆನ್ಸರ್ ಎಂಜಿನ್ನಿನ ಲೋಹಕ್ಕೆ ತಾಗಿದ್ರೆ ತಾನೇ ಅದಕ್ಕೆ ಕರೆಂಟಿನ ಅರ್ತ್ ಸಿಗೋದು? ನೀವು ಟೇಪಿನ ಕಂಬಳಿ ಹೊದಿಸಿ ಮಲಗಿಸಿದ್ದೀರಿ.”

ಮುದುಕರು ಅವಳ ಕಡೆ ತಿರುಗಿದರು.

“ಅಂದ್ರೆ, ಎಂಜಿನ್...”

“ಸದ್ದು ಕೇಳಿದ್ರೆ ಎಂಜಿನ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ಟೇಪ್ ಬಿಚ್ಚಿ ನೋಡೋಣ.”

ಟೇಪಿಲ್ಲದೆಯೂ ಎಣ್ಣೆ ಸೋರದಿರಲು ಅಂಗಡಿಯವನು ತಾಮ್ರದ ವಾಷರ್ ಕೊಟ್ಟ. ಮುದುಕರು ಗುಜರಿಯವನಿಗೆ ಫೋನು ಮಾಡಿ, “ನಾಳೆ ಬೇಡಪ್ಪ, ನಾನೇ ಹೇಳ್ತೀನಿ” ಎಂದರು. ಆಮೇಲೆ ಕಾರಿನ ಕೀಲಿಯನ್ನು ಸೊಸೆಯ ಕೈಗಿಟ್ಟರು.

“ನೀನು ಸ್ಟಾರ್ಟ್ ಮಾಡು. ನಾನು ಮೀಟರಿನ ಮುಳ್ಳು ನೋಡ್ತೀನಿ.”

“ಮೊನ್ನೆ ಮುಳ್ಳು ಏಳದಿದ್ದಾಗಿನ ಥರ ಕಣ್ಣು ಮುಚ್ಕೊಂಡು ಕೂತ್ಕೋಬಾರದು ಮತ್ತೆ,” ಎನ್ನುತ್ತ ಅವಳು ಅಂಗಡಿಯ ಬಾಗಿಲು ತಳ್ಳಿದಳು.