ಕುತ್ತಿಗೆಯ ಕಪ್ಪು

...ಅದಕ್ಕೇ ಹೇಳಿದ್ದು, ಕಾಲು ಆ ಸ್ಟೂಲ್ ಮೇಲೇ ಇರ್ಲಿ, ಇಳಿಸ್ಬೇಡ. ಬ್ಯಾಂಡೇಜಿಗೆ ಒಂದು ಹನಿ ತಾಗಿದ್ರೂ ನಾಳೆ ಆಸ್ಪತ್ರೆಯಲ್ಲಿ ಬೈಸ್ಕೊಳ್ಳೋದು ನಿನ್ನಕ್ಕ, ನಾನು. ತಲೆ ಹಿಂದಕ್ಕೆ ಹಾಕು. ಇನ್ನೂ ಸ್ವಲ್ಪ... ಹಾಂ. ನೀರು ಹದವಾಗಿದ್ಯಾ?

ಬಾಗಿಲಿಗೆ ರಜಾ ಬೋರ್ಡ್ ಹಾಕಿದ್ದೀನಿ, ಪಾರ್ಲರಿಗೆ ಇವತ್ತು ಯಾರೂ ಬರಲ್ಲ. ನಾಳೆ ಕಾಲಿನ ಎರಡು ಬೆರಳು ತೆಗೆದ್ರು ಅಂದ್ರೆ ಆಮೇಲೆ ಎಷ್ಟು ದಿನ ತಲೆಗೆ ನೀರಿಲ್ವೋ. ಒಂದ್ಸಲ ಚೆನ್ನಾಗಿ ತೊಳೆದು ಕಳಿಸೋಣ ಅಂತ... ಯಾಕೆ ನಗ್ತೀಯ? ಬೆರಳಿಗೂ ತಲೆಗೂ ಏನು ಸಂಬಂಧ ಅಂತ ತಾನೇ? ಏನ್ ಮಾಡ್ಲಿ ಕಣೇ, ನನಗೆ ಬರೋ ಕೆಲಸ ಇದೊಂದೇ.

ಒಂದು ಶೂ, ನೋಡು. ಬೇಕರಿಯಲ್ಲಿ ದಿನವಿಡೀ ನಿಂತು ಕೇಕಿಗೆ ಕ್ರೀಮ್ ಹಚ್ತೀಯ, ಹೊಸ ಶೂ ಕಚ್ಚಿ ಗುಳ್ಳೆ ಎದ್ದಿದ್ದೂ ನಿನಗೆ ಗೊತ್ತಾಗ್ಲಿಲ್ಲ. ಸಾಕ್ಸ್ ಬಿಚ್ಚಿದಾಗ ರಕ್ತ. ಎರಡು ತಿಂಗಳಾದ್ರೂ ಆರ್ಲಿಲ್ಲ. ಆರೋದಾದ್ರೂ ಹೇಗೆ, ರಕ್ತದ ತುಂಬ ಸಕ್ಕರೆ ಇಟ್ಕೊಂಡು? ಕೇಕಿನ ಅಂಚು ಕತ್ತರಿಸಿದ್ದೆಲ್ಲ ಬಾಯಿಗೆ, ಚಾಕುವಿಗೆ ಅಂಟಿದ ಕ್ರೀಮೂ ಬಾಯಿಗೆ... ಬೈತಿಲ್ಲ, ಬೈತಿಲ್ಲ. ಆ ರುಚಿ ಹತ್ತಿಸಿದ್ದೇ ನಾನು. ಅಮ್ಮ ಹೋದ್ಮೇಲೆ ನೀನು ಅತ್ತಾಗೆಲ್ಲ ಬಾಯಿಗೆ ಒಂದು ಚಮಚ ಸಕ್ಕರೆ ಹಾಕ್ತಿದ್ದೆ. ನಿನಗೆ ನಾಲ್ಕು, ನನಗೆ ಹದಿನಾಲ್ಕು. ಅಳು ನಿಲ್ಲಿಸೋಕೆ ಬೇರೆ ದಾರಿ ಗೊತ್ತಿರ್ಲಿಲ್ಲ. ಡಬ್ಬಿ ಎಲ್ಲಿಟ್ರೂ ಹುಡುಕ್ತಿದ್ದೆ ನೀನು, ಅಪ್ಪ ನಿನ್ನ ಇರುವೆ ಅಂತಿದ್ರು.

ಕಣ್ಣು ಮುಚ್ಚು, ಶಾಂಪೂ.

ಬರೋ ಹುಡುಗಿಯರಿಗೆಲ್ಲ ಹೇಳ್ತೀನಿ. ಮುಖಕ್ಕೆ ಏನೇನೋ ಬಳಿಯೋ ಮೊದ್ಲು ಸಿಹಿ ಕಡಿಮೆ ಮಾಡಿ, ಮೊಡವೆ ಇಳಿಯುತ್ತೆ, ಸಕ್ಕರೆ ಜಾಸ್ತಿಯಾದ್ರೆ ಚರ್ಮದ ಬಿಗಿ ಹೋಗುತ್ತೆ ಅಂತ. ಊರಿಗೆಲ್ಲ ಪಾಠ. ನಿನ್ನ ಕುತ್ತಿಗೆ ಹಿಂದೆ ಮಖಮಲ್ಲಿನ ಹಾಗೆ ಕಪ್ಪು ಕಟ್ಟಿದಾಗ ಮಾತ್ರ, ಸರ ಉಜ್ಜಿ ಹಾಗಾಗಿದೆ ಅಂದೆ. ಸ್ಕ್ರಬ್ ಹಾಕಿ ತಿಕ್ಕಿದೆ. ಬ್ಲೀಚ್ ಹಚ್ಚಿದೆ. ಉರಿಯುತ್ತೆ ಅಕ್ಕಾ ಅಂದ್ರೆ ಊದ್ತಾ ಕೂತಿರ್ತಿದ್ದೆ. ಬ್ಲೀಚಿಗೆ ಮೊದಲಿನದೊಂದು, ಆಮೇಲಿನದೊಂದು ಫೋಟೋ ತೆಗೆದು ಕನ್ನಡಿ ಪಕ್ಕ ಅಂಟಿಸಿದ್ದೂ ಆಯ್ತು. ಬಂದವರೆಲ್ಲ ಅದನ್ನೇ ನೋಡಿ, ಏನು ಕೈಗುಣ ನಿಮ್ಮದು ಅನ್ನೋರು. ಮುಖ ಮುಚ್ಚಿದ್ದೆನಲ್ಲ, ಅದು ನೀನು ಅಂತ ಯಾರಿಗೂ ಗೊತ್ತಿರ್ಲಿಲ್ಲ.

ಚರ್ಮದ ಮೇಲಿನ ಬಣ್ಣ ಒಳಗಿನ ಸುದ್ದಿ ಹೇಳುತ್ತೆ ಅಂತ ಯಾರಿಗೆ ಗೊತ್ತಿತ್ತು? ಒಬ್ರಾದ್ರೂ ಬಾಯಿ ಬಿಟ್ಟು ಹೇಳಿದ್ರೆ ಆವತ್ತೇ ನಿನ್ನ ಎತ್ಕೊಂಡು...

ಯಾಕೆ ಕಣ್ಣು ಬಿಟ್ಟೆ? ನೊರೆ ಹೋಗುತ್ತೆ.

ಇಲ್ಲ... ಒಬ್ರು ಏನೋ ಅಂದಿದ್ರು. ಕೂದಲು ಕತ್ತರಿಸ್ಕೊಳ್ಳೋಕೆ ಬರ್ತಾರಲ್ಲ, ಗುಂಗುರು ಕೂದಲಿನ ಡಾಕ್ಟರಮ್ಮ. ಫೋಟೋ ನೋಡಿ, ಇದು ಕೊಳೆಯಲ್ಲಮ್ಮ, ಒಳಗೆ ಸಕ್ಕರೆ ಏರ್ತಿರಬಹುದು, ಈ ಹುಡುಗಿಗೆ ಬೇಗ ರಕ್ತ ಪರೀಕ್ಷೆ ಮಾಡಿಸಿ ಅಂದ್ರು. ಮೊನ್ನೆ ಮೊನ್ನೆ. ಹೋದ ತಿಂಗಳಿರಬೇಕು. ಅಷ್ಟರಲ್ಲಿ ನಿನ್ನ ಕಾಲಿಗೆ ಗಾಯ ಆಗಿಹೋಗಿತ್ತಲ್ಲ.

ಹಾಗೆ ನೋಡ್ಬೇಡ ನನ್ನ.

ಹೋದ ತಿಂಗಳಲ್ಲ. ಸರಿ... ಎರಡು ವರ್ಷ ಆಯ್ತು. ಅವರು ಹೇಳಿ ಹೋದ ಮಾರನೇ ವಾರ ನೀನು ಬಂದೆ, ನಾನು ಮತ್ತೆ ಬ್ಲೀಚ್ ಕಲಸಿದೆ. ಪ್ರತಿ ತಿಂಗಳೂ ಕಲಸಿದೆ. ಹೇಳಿದ್ರೆ ಆ ಫೋಟೋ ಇಳಿಸ್ಬೇಕಿತ್ತು ಕಣೇ. ಅಷ್ಟೇ. ದೊಡ್ಡ ಕಾರಣ ಇದ್ದಿದ್ರೆ ಹೇಳ್ತಿದ್ದೆ, ಇಲ್ಲ. ಅಷ್ಟಕ್ಕೇ.

ಬೈಯಿ ನನ್ನ. ಯಾವ ಡಾಕ್ಟರಮ್ಮ ಅಂತಾದ್ರೂ ಕೇಳು. ಎರಡು ವರ್ಷ ಯಾಕೆ ಮುಚ್ಚಿಟ್ಟೆ ಅಂತ ಕೇಳು...

ಏನೂ ಕೇಳ್ತಿಲ್ಲ ನೀನು.

ಆಸ್ಪತ್ರೆಯಲ್ಲಿ ನಿನ್ನ ಕಾಲು ನೋಡಿದ್ದು ಆ ಡಾಕ್ಟರಮ್ಮನೇನಾ? ಕುತ್ತಿಗೆ ನೋಡಿ, ಫೋಟೋದಲ್ಲಿದ್ದವಳು ನೀನೇ ಅಂತ ಗುರುತು ಹಿಡಿದ್ರಾ? ನಿಮ್ಮಕ್ಕನಿಗೆ ಆವತ್ತೇ ಹೇಳಿದ್ದೆ ಅಂದ್ರಾ...

ಗೊತ್ತಿತ್ತು ನಿನಗೆ. ಎಲ್ಲ ಗೊತ್ತಿದ್ದೂ ಇವತ್ತು ಬಂದು, ನನ್ನ ಈ ಕೈಗೇ ತಲೆ ಒಪ್ಪಿಸಿ ಮಲಗಿದ್ದೀಯಲ್ಲೇ.