ಸೋಸಿದ ನೀರು

"ಹಲೋ… ಹಲೋ, ಯಾರು ಮಾತಾಡೋದು? ಇದು ಕೊಪ್ಪಳ ಸ್ಟೇಷನ್. ನಾ ಪಾರ್ಸಲ್ ಗುಮಾಸ್ತ ವಿರೂಪಾಕ್ಷಪ್ಪ. ಮಾಸ್ತರು ಊಟಕ್ಕ ಹೋಗ್ಯಾರ… ಗದಗಿನಿಂದ ಯಾರು?…"

"ಓಹೋ, ಗವಿಸಿದ್ದನೇನು. ಹಂಗನ್ನು ಮತ್ತ. ಪ್ರೊಫೆಸರ್ ಸಾಹೇಬರ ಸಹಾಯಕ ಅಂತ ಉದ್ದಕ ಹೇಳಿದರ ನನಗೇನು ತಿಳೀತೈತಿ? ಕುಷ್ಟಗಿ ಸಾಲ್ಯಾಗ ನನ್ನ ಪಾಟಿ ನೋಡಿ ಲೆಕ್ಕ ಬರಕೊಂತಿದ್ದ ಗವಿಸಿದ್ದ ಅಂದಿದ್ದರ ತಟ್ಟನ ತಿಳೀತಿತ್ತು… ನಗಬ್ಯಾಡ, ಖರೇನ ಹೇಳಾಕತ್ತೀನಿ."

ವಿರೂಪಾಕ್ಷಪ್ಪ ಮಾಸ್ತರರ ಕುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ. ಅದು ಮೂವತ್ತೆಂಟನೆಯ ಇಸವಿ. ಪ್ರೊಫೆಸರರ ತಂಡ ಸೋಮವಾರ ಕೃಷ್ಣಾ ನದಿ ಸಮುದ್ರ ಸೇರುವ ಅಳಿವೆಗೆ ಹೊರಟಿತ್ತು. ಅಲ್ಲಿ ನೀರಿನ ನಮೂನೆ ತುಂಬಲು ತುಂಗಭದ್ರೆಯ ಕಡೆಯವನೊಬ್ಬನನ್ನು ಒಯ್ಯುವುದೆಂದೂ, ಕೆಲಸ ಹಿಡಿಸಿದರೆ ಕಾಯಂ ಮಾಡುವುದೆಂದೂ ಕಾಗದ ಬಂದಿತ್ತು. ತಿಂಗಳು ತಿಂಗಳು ಹೊಳೆ ನೀರಿನ ಬಾಟಲಿಗಳನ್ನು ಗದಗಿಗೆ ಕಳಿಸುವವನು ತಾನಾದ್ದರಿಂದ ಆ ಒಬ್ಬನೂ ತಾನೇ ಎಂಬುದರಲ್ಲಿ ವಿರೂಪಾಕ್ಷಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೊಸ ಕೋಟು ಹೊಲಿಸಿಯಾಗಿತ್ತು. ಹೆಂಡತಿ ಶೇಖರಮ್ಮ ಓಣಿಗೆಲ್ಲ ಸುದ್ದಿ ಮುಟ್ಟಿಸಿಯೂ ಆಗಿತ್ತು.

"ಸಮುದ್ರದ ಮಾತು ಆಮ್ಯಾಲೆ. ಮೊದಲ ಇದನ್ನ ಹೇಳು. ಪಾಚಿ ಎಣಿಸಿ ಪಗಾರ ತಗೊಳ್ಳಾಕ ನಿಮಗ ನಾಚಿಕಿ ಬರಂಗಿಲ್ಲೇನು?… ಪಾಚಿ ಅಲ್ಲ? ಕಣ್ಣಿಗೆ ಕಾಣದಷ್ಟು ಸಣ್ಣ ಹಸರು ಜೀವ… ಹಾಂ, ನೀರಾಗ ತೇಲತಾವ… ಸೀ ನೀರಾಗ ಒಂದು ಜಾತಿ, ಉಪ್ಪು ಕೂಡಿದಲ್ಲಿ ಬ್ಯಾರೆ ಜಾತಿ. ಇಲ್ಲಿದ್ದಾವು ಎಷ್ಟು ಅಲ್ಲಿ ಮಟ ಉಳೀತಾವಂತ ನೋಡಬೇಕು. ಕೇಳೀನಪಾ, ಹತ್ತು ಸಲ ಕೇಳೀನಿ. ಕಣ್ಣಿಗೆ ಕಾಣದ್ದನ್ನ ಎಣಿಸೀನಿ ಅಂದರ ಯಾರು ಹೋಗಿ ತಾಳೆ ನೋಡ್ತಾರ? ಭಾಳ ಛಲೋ ನೌಕರಿ ಹುಡಿಕೀರಿ."

"ಏನು?… ನೀರು ಯಾರು ತರ್ತಾರ? ಯಂಕೋಬ ಅಂತ ಒಬ್ಬ ಅದಾನ. ವಿರೂಪಾಪುರಗಡ್ಡಿ ಹತ್ರ ಹರಗೋಲು ಹಾಕ್ತಾನ. ತಿಂಗಳಿಗೊಮ್ಮೆ ಬಾಟ್ಲಿ ತುಂಬಿಕೊಂಡು ಹಿಟ್ನಾಳ ಮಟ ನಡಕೊಂತ ಬಂದು ಮೋಟಾರ ಹತ್ತತಾನ… ಅಂವಗೇನು ಗೊತ್ತೈತಿ, ಅಕ್ಷರದ ಗಂಧ ಇಲ್ಲ. ಮಡುವಿನ ನೀರಿಂದು ಒಂದು ಹಸರು, ಹಳ್ಳ ಬಂದು ಕೂಡೋ ಕಡೆ ಇನ್ನೊಂದು ಹಸರು, ಚಳಿಗಾಲದಾಗ ನೀರಿನ ವಾಸನಿನ ಬ್ಯಾರೆ ಅಂತ ನನ್ನ ಮುಂದ ಹೇಳಾಕ ಬಂದಿದ್ದ. ಬಾಟ್ಲಿ ಇಟ್ಟು ದಾರಿ ಹಿಡಿಯಲೇ ಅಂದೆ."

ಆ ಯಂಕೋಬ ಈಗಲೂ ಹೊರಗೆ ಬೇವಿನ ಗಿಡದ ಬುಡದಲ್ಲಿ ಈ ತಿಂಗಳ ಬಾಟಲಿಗಳ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಒಳಗೆ ಬಾ ಎಂದು ವಿರೂಪಾಕ್ಷಪ್ಪ ಅವನಿಗೆ ಎಂದೂ ಅಂದವನಲ್ಲ.

"ಹೋದ ತಿಂಗಳ ಬಾಟ್ಲಿ?… ಅದರ ಮಾತ ತಗೀಬ್ಯಾಡ. ನಾ ಯಲಬುರ್ಗಿಗೆ ಮದುವಿಗೆ ಹೋಗಿದ್ದೆ. ಆ ಖೋಡಿ ತಾನ ಪೆಟಗಿ ಕಟ್ಟಿ ಗಾಡಿಗೆ ಹಾಕಿಸ್ಯಾನ. ಹೊಲಸು ಹಂಗ ಬಂದಿರಬೇಕು, ಹೌದಿಲ್ಲೋ?… ಮೂವತ್ತಾರು? ಏನು ಮೂವತ್ತಾರು?… ಮೂವತ್ತಾರು ಜಾತಿ?… ಮತ್ತ ಅದಕ್ಕಿಂತ ಮೊದಲಿನ ಹತ್ತು ತಿಂಗಳದ್ದರಾಗ?… ಏನೂ ಇಲ್ಲ?"

"ಇರಬಾರದ ಮತ್ತ. ಅವು ನನ್ನ ಕೈಯಾಗ ಹಾದು ಬಂದಾವ. ಮಡಿ ಧೋತರ ಎರಡು ಪದರ ಮಾಡಿ ಒಂದೊಂದು ಬಾಟ್ಲಿ ನೀರೂ ನಾನ ಸೋಸೀನಿ. ಮ್ಯಾಲೆ ಪಟಿಕದ ಹಳ್ಳು ತಿರುವೀನಿ. ಮನಿಗೆ ಬಂದ ಬೀಗರಿಗೆ ಸೋಸಲಾರದ ನೀರು ಕೊಡ್ತೀವೇನು? ದೊಡ್ಡ ಮನಷ್ಯಾರಿಗೆ ಕಳಸೋ ನೀರು ಕನ್ನಡಿ ಇದ್ದಂಗಿರಬೇಕು… ಹಲೋ?… ಗವಿಸಿದ್ದ?… ಏನಂದಿ?"

ಆಮೇಲೆ ಅತ್ತಲಿಂದ ಬಂದ ಮಾತಿಗೆ ವಿರೂಪಾಕ್ಷಪ್ಪನ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು.

"ಸೋಸಿದ್ದಕ್ಕ?… ಅಂದರ ನಿಮಗ ಬೇಕಾಗಿದ್ದು ಆ ಹೊಲಸ ಅನ್ನು… ಹಾಂ, ಹಸರು. ಹಸರು ಅಂತೀನಿ… ಅದೆಲ್ಲ ಅರಿವ್ಯಾಗ ಉಳೀತು?… ಅರಿವಿ ಇಲ್ಲೇ ಐತಿ… ಇಲ್ಲ, ತೊಳದೀನಿ. ಪ್ರತಿ ಸಲ ಸಾಬೂನ ಹಚ್ಚಿ ತೊಳದೀನಿ…"

"ಈ ಹೊಳ್ಯಾಗ ಹಸರು ಹುಟ್ಟೋದ ಇಲ್ಲಂತ ಸಾಹೇಬರು ಬರದು ಬಿಟ್ಟಿದ್ದರೇನು?… ಅಚ್ಚಿಗೂ ಹೋಗಿತ್ತು?… ವಾಪಸ್ ತರಿಸ್ಯಾರ… ನನ್ನ ಹೆಸರು ಏನರ ಹೇಳೀ… ಹೇಳೀರೇನ್ರಿ?"

ಇಷ್ಟು ಹೊತ್ತು ಪಾಟಿ ನೋಡಿ ಬರೆಯುತ್ತಿದ್ದ ಹುಡುಗನಾಗಿದ್ದವನಿಗೆ ಒಮ್ಮೆಲೇ ಮರ್ಯಾದೆ ಬಂತು. ವಿರೂಪಾಕ್ಷಪ್ಪ ಕುರ್ಚಿ ಬಿಟ್ಟು ಎದ್ದೂ ನಿಂತ.

"ಗವಿಸಿದ್ದಪ್ಪನವರ, ಒಂದು ಮಾತು ಕೇಳ್ರಿ. ಈ ಸಲದ್ದು ಸೋಸಂಗಿಲ್ಲ. ಬಾಟ್ಲಿ ಬೂಚ ಬಿಚ್ಚಂಗೂ ಇಲ್ಲ… ಸೋಮವಾರದ್ದೇನ್ರಿ? ನಾ ಕೋಟು ಹೊಲಿಸೀನ್ರಿ… ಯಾರಿಗೆ ಟಿಕೀಟು?… ಯಂಕೋಬಗ?… ಅವಂಗ ಸಹಿ ಮಾಡಾಕ ಬರಂಗಿಲ್ರಿ, ಹೆಬ್ಬೆಟ್ಟು… ನೀರು ನೋಡಾಕ ಬಂದರ ಸಾಕು?… ಫೋನು ಅವನ ಕೈಯಾಗ ಕೊಡಬೇಕಾ?"

ಕಿಟಕಿಯಿಂದ ಯಂಕೋಬ ಚೆನ್ನಾಗಿ ಕಾಣುತ್ತಿದ್ದ. ಬಿಸಿಲು ಬಂದ ಹಾಗೆಲ್ಲ ಪೆಟ್ಟಿಗೆಯನ್ನು ನೆರಳಿಗೆ ಸರಿಸಿ, ತಾನು ಮಾತ್ರ ಬಿಸಿಲಿನಲ್ಲೇ ಕೂತಿದ್ದ.

"ಅಂವ ಇಲ್ರಿ. ಈಗ ಹೋದ… ಖರೇನ್ರಿ… ಸೋಮವಾರ ಸಾಹೇಬರ ಖುದ್ದ ಇಲ್ಲಿ ಇಳದು ಅವನ್ನ ಕರಕೊಂತಾರ?… ಹಾಂ… ಹೇಳ್ತೀನ್ರಿ. ಹೇಳಿ ಕಳಸ್ತೀನ್ರಿ. ಆದರ ಸಾಹೇಬ್ರ, ನಾ ಓಣ್ಯಾಗೆಲ್ಲ… ಹಲೋ?… ಹಲೋ…"

ಲೈನು ಕಡಿದು ಹೋಗಿತ್ತು. ಯಂಕೋಬ ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಿದ್ದ.

"ಗದಗಿನವ್ರೇನ್ರಿ? ನೀರಿನ ಸುದ್ದಿ ಏನಂದ್ರಿ?" ಎಂದ.

ವಿರೂಪಾಕ್ಷಪ್ಪ ಅವನ ಕಡೆ ತಿರುಗಲಿಲ್ಲ. ಸದ್ದಿಲ್ಲದ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಹಾಂ… ಹಾಂ… ಹೌದ್ರಿ ಸಾಹೇಬ್ರ, ಸೋಮವಾರ ತಯಾರಿರ್ತೀನ್ರಿ… ಯಂಕೋಬನೇನ್ರಿ? ಅಂವಗೇನು ಗೊತ್ತಾಕೈತ್ರಿ… ಹಾಂ… ನಾನ ಬರ್ತೀನ್ರಿ… ನಾನ…"