ಕೋಡಿಯ ಹಲಗೆಗೆ ಅಪ್ಪಣೆ

ಹಲೋ... ಯಾರು ಮಾತಾಡ್ತಿರೋದು?

ಹಾಂ, ಇಂಜಿನಿಯರ್ ಬುದ್ಧಿಯವರಾ? ತುಮಕೂರಿಂದ್ಲಾ? ನಾನು ಓಬಳಮ್ಮ ಬುದ್ಧಿ, ಕೆರೆ ಬಂಗಲೆ ಕಸ ಗುಡಿಸೋಳು. ನೀರುಗಂಟಿ ಚಿಕ್ಕರಂಗಯ್ಯನ ತಾಯಿ... ಅವನು ಬರೋ ಹಂಗಿಲ್ಲ. ಕೋಡಿ ಮೇಲೆ ಹಾರೆ ಹಿಡ್ಕೊಂಡು ನಿಂತವ್ನೆ, ಕಿಟಕಿಯಿಂದ ಕಾಣ್ತಾನೆ. ಊರೋರೂ ಅಲ್ಲೇ ಅವ್ರೆ.

...ಯಾಕೆ ಅಂದ್ರೆ? ಕಳ್ಳಂಬೆಳ್ಳದ ಕಡೆ ಬಿಡದೆ ಮಳೆ. ಕೆರೆ ನೀರು ಏರಿಕಟ್ಟೆ ಮಟ್ಟಕ್ಕೆ ಬರೋಕೆ ಗೇಣು ಉಳಿದೈತೆ. ಬೆಂಗಳೂರು ದಂಡಿನ ಬಿಳಿ ದೊರೆಗಳು ಬಾತುಕೋಳಿ ಹೊಡೆಯೋಕೆ ಬರ್ತಾರೆ, ದೋಣಿ ಚೆನ್ನಾಗಿ ತೇಲಲಿ ಅಂತ, ಹೆಚ್ಚಿನ ನೀರು ಹೊರಕ್ಕೆ ಹರಿಯೋ ಕೋಡಿಗೆ ಅಡ್ಡ ಹಲಗೆ ಹೊಡೆಸಿದ್ರಲ್ಲ ತಾವು? ಅದನ್ನ ಕೀಳದಿದ್ರೆ ಏರಿ ಒಡೀತದೆ ಬುದ್ಧಿ. ಕೆಳಗಡೆ ಊರೈತೆ.

...ಹಾಂ? ನಾಳೆ ಶಿಕಾರಿ ಮುಗೀಲಿ ಅಂತೀರಾ? ಸರಿ, ನೀರಿಗೆ ಹೇಳಿ ನೋಡ್ತೀನಿ.

...ಅಯ್ಯೋ, ಹೌದಾ? ಮೇಲಿನೋರು ಬಯ್ತಾರೆ, ಕೆಳಗಿನೋರು ಮಾತು ಕೇಳಲ್ಲ, ನಿದ್ದೆ ಇಲ್ಲ, ಹೊಟ್ಟೇಲಿ ಉರಿ... ಪಾಪ, ಕಷ್ಟದ ಕೆಲಸ ಕಣ್ ಬುದ್ಧಿ. ಜೀರಿಗೆ ಕಷಾಯ ಕುಡೀರಿ.

...ನೀರುಗಂಟಿಗೇನು ಚಿಂತೆ ಅಂದ್ರಾ? ನಿಜ. ಹಾರೆ ಅವನ ಕೈಲೈತೆ, ಅಪ್ಪಣೆ ತಮ್ಮ ಬಾಯಲ್ಲೈತೆ. ಸುಮ್ಕೆ ನಿಂತ್ಕೊಂಡ್ರೆ ಆಯ್ತು. ಏರಿ ಒಡೆದ್ರೆ ಮಾತ್ರ ಊರೋರು ತಮ್ಮನ್ನ ಹುಡುಕ್ಕೊಂಡು ತುಮಕೂರಿಗೆ ಬರಲ್ಲ, ಅವನ ಕುತ್ತಿಗೆ ಹಿಡೀತಾರೆ. ಹತ್ರದಲ್ಲೇ ಸಿಕ್ತಾನಲ್ಲ!

...ಅವನೇ ನೋಡ್ಕೊಂಡು ಮಾಡ್ಲಿ ಅಂತೀರಾ? ಹೋದ ಮಳೆಗಾಲದಲ್ಲಿ ಕೇಳದೆ ತೂಬು ಎತ್ತಿದ ಅಂತ ಅವನನ್ನ ಮೂರು ತಿಂಗಳು ಕೆಲಸ ಬುಡಿಸಿದೋರು ಯಾರು ಬುದ್ಧಿ?... ತಾವೇ ಅಲ್ವಾ?

...ಹಂಗಾದ್ರೆ ಕೀಳಬೇಡ ಅಂತಾನೇ ಹೇಳಿ, ಬರ್ಕೊತೀನಿ. ರಾತ್ರಿ ಸ್ಕೂಲಲ್ಲಿ ಕಲ್ತಿವ್ನಿ, ನಿಧಾನ ಆದ್ರೂ ಅಕ್ಷರ ದುಂಡಗೈತೆ... ಬರೀಬಾರದಾ? ಕೀಳು ಅಂತ ಬರೀಲಾ?... ಅದೂ ಬ್ಯಾಡ್ವಾ?

...ಮೇಲಿನೋರನ್ನ ಕೇಳಿ ಹೇಳ್ತೀರಾ? ಎಷ್ಟು ಮೇಲಕ್ಕೆ ಹೋಗ್ತೀರಿ ಬುದ್ಧಿ? ತಮಗಿಂತ ಮುಂಚೆ ನೀರೇ ಹೋಗೋ ಹಂಗೈತೆ.

...ಒಂಚೂರು ಇರಿ, ಕಿಟಕಿ ತೆಗೀತೀನಿ.

ಲೇ ಚಿಕ್ಕರಂಗಾ! ಕೀಳ್ಲಾ ಹಲಗೇನಾ! ಇಂಜಿನಿಯರ್ ಬುದ್ಧಿ ಅಪ್ಪಣೆ ಆಗೈತೆ! ಹೂಂ ಕಣ್ಲಾ, ಫೋನಲ್ಲಿ ಅವರೇ ಅವ್ರೆ! ಏಟು ಹಾಕು!

...ಹಲೋ... ಮೆತ್ತಗೆ ಬುದ್ಧಿ, ಕಿವಿ ಹೋಗ್ತದೆ. ಏನು, ಹೇಳಲಿಲ್ವಾ? ತಾವು ಹೇಳೇ ಇಲ್ವಾ?... ಊರೋರೆಲ್ಲ ಈ ಕಡೆ ತಿರುಗಿ ತಮಗೆ ಕೈ ಮುಗೀತಾವ್ರಲ್ಲ ಬುದ್ಧಿ, ಈಗ ಏನ್ ಮಾಡ್ಲಿ?... ಏರಿ ಒಡೀಲಿ, ಹಲಗೆ ಹಂಗೇ ಇರ್ಲಿ ಅಂತಾವ್ರೆ ಅಂತ ಕೂಗ್ಲಾ?... ತಮ್ಮ ಹೆಸರು ಹೇಳೇ ಕೂಗ್ತೀನಿ... ಹಾಂ? ಕೂಗ್ಲಾ?... ಹಲೋ? ಬುದ್ಧಿ?... ಹಲೋ...